ಹೆನ್ನಿಯ ಕೋಣೆಯ ಥಂಡಿ

ಮಂಗಳವಾರ, ಜನವರಿ 17, 2023. ದುಬೈ

ಕನ್ನಡದಲ್ಲಿ ಬರೆಯುವುದರ ಸುಖವೆಂದರೆ, ಪುಸ್ತಕವನ್ನು ಹಾಸಿಗೆಯ ಮೇಲೆ ತೆರೆದಿಟ್ಟೇ ಸ್ನಾನಕ್ಕೆ ಹೋಗಬಹುದು. ಎಸ್ತೇರ್ ಆಗಲೇ ಒಂದು ಸಲ ಇಣುಕಿ ನೋಡಿ, "ಎಲ್ಲಾ ಗುಂಡು ಗುಂಡಾಗಿದೆ, ಇದು ಬರವಣಿಗೆಯೋ ಕಸೂತಿಯೋ?" ಎಂದು ಕೇಳಿದಳು. ಹುಬ್ಬಳ್ಳಿಯ ಶಾಲೆಯಲ್ಲಿ ಕಲಿತದ್ದು ಎಂದೆ. ಹುಬ್ಬಳ್ಳಿ ಎಲ್ಲಿದೆ ಎಂದು ಕೇಳಲಿಲ್ಲ. ಇಷ್ಟು ವರ್ಷ ಇಸ್ರೇಲಿನಲ್ಲಿ ಯಾರೂ ಕೇಳಿಲ್ಲ ಬಿಡು.

ಎಸ್ತೇರ್ ನನ್ನ ಕೋಣೆಯ ಜೊತೆಗಾತಿ, ಇಸ್ರೇಲಿನ ಬೇರ್‌ಶೆವಾ ಊರಿನವಳು. ವಿಮಾನ ಹತ್ತಿದಾಗ ಶುರುವಾದ ಬಾಯಿ ಇನ್ನೂ ನಿಂತಿಲ್ಲ. ಈಗ ಬಾತ್‌ರೂಮಿನಲ್ಲಿ ನಲ್ಲಿಯ ಜೊತೆ ಮಾತಾಡುತ್ತಿದ್ದಾಳೆ.

ಈ ಪ್ರವಾಸ ನಾನು ಕೇಳಿ ಪಡೆದದ್ದಲ್ಲ. ಅಷ್ಡೋದಿನ ವೃದ್ಧಾಶ್ರಮದ ಲಾಂಡ್ರಿಯಿಂದ ನಿವೃತ್ತಳಾದಾಗ ಜೊತೆಯವರೆಲ್ಲ ಸೇರಿ ಕೊಟ್ಟ ಉಡುಗೊರೆ. ಯಹೂದಿ ಮಹಿಳೆಯರ ಸ್ನೇಹಯಾತ್ರೆಯಂತೆ. ಮನೆಯಲ್ಲಿ ಒಂದು ವಾರ ಕಾಲು ಚಾಚಿ ಮಲಗಲು ಬಿಟ್ಟಿದ್ದರೆ ಅದಕ್ಕಿಂತ ಸ್ನೇಹ ಯಾವುದಿತ್ತು? ಸಂಜೆ ನಾಯಕಿ ನೊಗಾ ಎಲ್ಲರನ್ನೂ ದುಂಡಗೆ ಕೂರಿಸಿ ಕೈ ಕೈ ಹಿಡಿಸಿದಳು. ಒಬ್ಬೊಬ್ಬರೂ ತಮ್ಮ ಬಗ್ಗೆ ಹೇಳಬೇಕು. ಒಬ್ಬಳು ವಕೀಲೆ, ಇನ್ನೊಬ್ಬಳು ಮಕ್ಕಳ ಹಲ್ಲಿನ ವೈದ್ಯೆ. ಎಸ್ತೇರ್‌ಗೆ ಬಟ್ಟೆ ಅಂಗಡಿಯಿದೆ. ನನ್ನ ಸರದಿ ಬಂದಾಗ, "ಮಿಲ್ಕಾ ನಾಗಾವ್ಕರ್, ವೃದ್ಧಾಶ್ರಮದಲ್ಲಿದ್ದೆ" ಎಂದೆ. "ಓ, ನರ್ಸ್, ದೇವರ ಕೆಲಸ" ಎಂದಳು ನೊಗಾ. ನಾನು ನಕ್ಕು ಸುಮ್ಮನಾದೆ. ಈ ಹೆಂಗಸರು ವಾರ ಕಳೆದರೆ ಯಾರೋ ನಾನ್ಯಾರೋ, ಇದರಿಂದ ಯಾರ ಗಂಟೇನು ಹೋಗುತ್ತದೆ?

ಬುಧವಾರ, ಜನವರಿ 18

ಇವತ್ತು ಕನ್ನಡ ಸಿಕ್ಕಿತು. ಕಾರಿಡಾರಿನಲ್ಲಿ ಹೌಸ್‌ಕೀಪಿಂಗ್‌ನ ಹೆಂಗಸೊಬ್ಬಳು ತಳ್ಳುಗಾಡಿಗೆ ಬೈಯುತ್ತಿದ್ದಳು: "ಹೋಗು ಮಾರಾಯ ಸೀದಾ, ನಿಂಗೆ ಎಂತ ದಾಡಿ?" ಚಕ್ರ ಒಂದು ಕಡೆಗೇ ಎಳೆಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಒಂದ್ ಹನಿ ಎಣ್ಣಿ ಬಿಡ್ರೆವ್ವಾ, ತಾನಽ ಹೋಗ್ತದ" ಎಂದೆ.

ಅವಳು ನನ್ನನ್ನು, ನನ್ನ ಕೊರಳಿನ ಆರು ಮೂಲೆಯ ಯಹೂದಿ ನಕ್ಷತ್ರದ ಪದಕವನ್ನು, ಮತ್ತೆ ನನ್ನನ್ನು ನೋಡಿದಳು. "ನೀವು ಇಸ್ರೇಲ್ ಗ್ರೂಪ್‌ನವರಲ್ವಾ?"

"ಹೌದು. ಹುಬ್ಬಳ್ಳಿ ರೈಲ್ವೆ ಕಾಲೋನಿಯಾಕಿ."

ಹೆಸರು ಜೋಸ್ಫಿನ್, ಕಾರ್ಕಳದ ಕಡೆಯವಳು. ಗಂಡ ಹ್ಯೂಬರ್ಟ್ ಅಲ್ ಐನ್‌ನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಇವಳು ಇಲ್ಲೇ ಕರಾಮಾ ಬಡಾವಣೆಯಲ್ಲಿ ಬೆಡ್‌ಸ್ಪೇಸ್ ಹಿಡಿದಿದ್ದಾಳೆ. ಅಂದರೆ ಒಂದು ಕೋಣೆಯಲ್ಲಿ ಒಂದು ಮಂಚ ಮಾತ್ರ ತನ್ನದು. ಬೆಡ್‌ಶೀಟ್ ಮಡಚುವಾಗ ನಾನೂ ಒಂದು ತುದಿ ಹಿಡಿದೆ. ಕೈಗೆ ಅಭ್ಯಾಸ. "ನೀವು ಈ ಕೆಲಸ ಮಾಡಿದವರೇ" ಎಂದಳು. ಹೌದೆಂದೆ. ಅವಳ ಮುಂದೆ ಹೇಳಲು ಏನೂ ಅನ್ನಿಸಲಿಲ್ಲ.

ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ನಮ್ಮ ಶಬ್ಬಾತ್ ಬಗ್ಗೆ ಕೇಳಿದಳು. ಬೆಂಕಿ ಹೊತ್ತಿಸಬಾರದು, ಸ್ವಿಚ್ ಒತ್ತಬಾರದು, ಬರೆಯಬಾರದು, ರೊಕ್ಕ ಮುಟ್ಟಬಾರದು ಎಂದೆ. ಬೇರೆ ಮತದವರಿಗೆ 'ಹಿಂಗ್ ಮಾಡು' ಎಂದು ಬಾಯಿಬಿಟ್ಟು ಹೇಳಲೂಬಾರದು.

"ಹಾಗಾದ್ರೆ ಎಂತ ಮಾಡುದು?"

"ಇಲ್ಲಿ ಭಾಳ ಥಂಡಿ ಐತಿ ಅಂತ ಅಷ್ಟಽ ಅನ್ನೋದು. ಕೇಳಿದಾಕಿ ತಿಳ್ಕೊಂಡು ಎಸಿ ಮಷೀನ್ ಬಂದ್ ಮಾಡ್ಬೇಕು."

ಜೋಸ್ಫಿನ್ ಬಿದ್ದು ಬಿದ್ದು ನಕ್ಕಳು. "ನಮ್ಮ ಅತ್ತೆ ಹಾಗೇ ಮಾರಾಯ್ರೆ. ಒಂದು ದಿನ ಕಾಫಿ ಕೇಳಿದವರಲ್ಲ. ಗಂಟಲು ಒಣಗಿತು ಹೇಳುದು, ಅಷ್ಟೇ."

ಹೊರಡುವಾಗ ನನ್ನನ್ನು ಮಿಲ್ಕಕ್ಕ ಎಂದಳು. ಹಾಗೆ ಕರೆಸಿಕೊಂಡು ಎಷ್ಟು ಕಾಲವಾಯಿತೋ.

ಶುಕ್ರವಾರ, ಜನವರಿ 20, ಮಧ್ಯಾಹ್ನ

ಬೇಗ ಬೇಗ ಬರೆಯಬೇಕು, ಸೂರ್ಯ ಮುಳುಗಿದರೆ ಪೆನ್ನು ಮುಟ್ಟುವಂತಿಲ್ಲ.

ನಿನ್ನೆ ಅಬುಧಾಬಿ. ದೊಡ್ಡ ಮಸೀದಿಯಲ್ಲಿ ಎಲ್ಲರಿಗೂ ತಲೆಯಿಂದ ಕಾಲಿನವರೆಗೆ ಮುಚ್ಚುವ ಕಪ್ಪು ಅಬಾಯಾ ತೊಡಿಸಿದರು. ಹಿಂದಿನಿಂದ ನೋಡಿದರೆ ವಕೀಲೆ ಯಾರು, ಹಲ್ಲಿನ ಡಾಕ್ಟರ್ ಯಾರು ತಿಳಿಯದು. ಎಸ್ತೇರ್ ಯಾರೋ ಅರಬ್ ಹೆಂಗಸಿನ ತೋಳು ಹಿಡಿದು, "ಮಿಲ್ಕಾ, ನನಗೆ ಕಾಲು ನೋವು, ಕೂರೋಣ" ಎಂದು ಹೀಬ್ರೂವಿನಲ್ಲಿ ಗೋಳಾಡಿದಳಂತೆ. ಆಕೆ ಪಾಪ ಯಲ್ಲಾ ಯಲ್ಲಾ, ನಡಿ ನಡಿ ಎನ್ನುತ್ತ ಬೆಂಚಿನವರೆಗೆ ಕರೆದೊಯ್ದು ಕೂರಿಸಿದಳಂತೆ. ಬಸ್ಸಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಾಳೆ ಸಂಜೆ ಶಬ್ಬಾತ್ ಮುಗಿದ ಮೇಲೆ ನಾನು ಮಾಲಿದಾ ಮಾಡಬೇಕಂತೆ. ಅವಲಕ್ಕಿ ನೆನೆಸಿ, ಬೆಲ್ಲ ತೆಂಗಿನಕಾಯಿ ಏಲಕ್ಕಿ ಕಲಸಿ, ಹಣ್ಣಿಟ್ಟು ಪ್ರವಾದಿ ಎಲಿಯಾಹುವಿನ ಹೆಸರು ಹೇಳಿ ಹಂಚುವ, ಭಾರತದ ನಮ್ಮ ಯಹೂದಿ ಮನೆಗಳ ಪದ್ಧತಿಯನ್ನು ಬಾಯಿ ತಪ್ಪಿ ನೊಗಾಗೆ ಹೇಳಿದ್ದೆ, ಹಿಡಿದುಕೊಂಡಳು. ಜೋಸ್ಫಿನ್‌ಗೆ ಹೇಳಿದ್ದೇನೆ. ಅವಳ ಮನೆಯ ಪಕ್ಕದಲ್ಲೇ ಮೊಯ್ದೀನ್ ಎಂಬವರ ಅಂಗಡಿಯಿದೆಯಂತೆ, ನಾಳೆ ಡ್ಯೂಟಿ ಇಲ್ಲದಿದ್ದರೂ ಅವಲಕ್ಕಿ ತಂದುಕೊಡುತ್ತಾಳಂತೆ.

ನೊಗಾಳ ದೊಡ್ಡಮ್ಮ ಹೆನ್ನಿ ಎಂಬ ಹಿರಿಯರು ಮ್ಯಾಂಚೆಸ್ಟರಿನಿಂದ ಈಗಷ್ಟೇ ಬಂದು ನಮ್ಮ ಮಹಡಿಯಲ್ಲೇ ಇಳಿದಿದ್ದಾರೆ. ನಾನಿನ್ನೂ ನೋಡಿಲ್ಲ. ಸ್ನಾನಕ್ಕೆ ಟವೆಲ್ ಸಾಲದು, ಜೋಸ್ಫಿನ್‌ಳನ್ನು ಕೇಳಬೇಕು.

ಶನಿವಾರ, ಜನವರಿ 21, ಕತ್ತಲಾದ ಮೇಲೆ

ಒಂದು ರಾತ್ರಿ ಒಂದು ಹಗಲು ಬರೆಯದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಇಂಥ ಕೆಲಸ ಮಾಡಿದವಳಿಗೆ ಬರೆಯಬಾರದೆಂಬ ನಿಯಮ ಒಂದು ಕೇಡು.

ನಿನ್ನೆ ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಹೇಳಿದ ಮೇಲೆ ಎಲ್ಲರೂ ಕೆಳಗೆ ಊಟದ ಹಾಲಿಗೆ ಹೋದರು. ಟವೆಲ್ ತರುವುದು ಮರೆತಿದ್ದೆನೆಂದು ನಾನು ಕಾರಿಡಾರಿನ ತುದಿಗೆ ಹೋಗಿ ಜೋಸ್ಫಿನ್ ಎತ್ತಿಟ್ಟಿದ್ದನ್ನು ತೆಗೆದುಕೊಂಡು ಬರುತ್ತಿದ್ದೆ. ಬೂದು ಬಣ್ಣದ ಕುರ್ತಾ ಹಾಕಿದ್ದೆ. ಹೋಟೆಲಿನ ಹುಡುಗಿಯರ ಅಂಗಿಯೂ ಬೂದು ಬಣ್ಣದ್ದೇ. ದುಪಟ್ಟಾ ಪದಕವನ್ನು ಮುಚ್ಚಿತ್ತು.

ಒಂದು ಬಾಗಿಲು ತೆರೆದು ಬೆಳ್ಳಗಿನ ಮುದುಕಿಯೊಬ್ಬರು ಶಾಲು ಹೊದ್ದು ಹೊರಬಂದರು. ನನ್ನ ಕೈಯ ಟವೆಲ್ ನೋಡಿದರು. ಇಂಗ್ಲಿಷಿನಲ್ಲಿ, ಬಹಳ ಮೆತ್ತಗೆ, "ಈ ಕೋಣೆ ತುಂಬಾ ತಣ್ಣಗಿದೆ, ನೋಡಿ. ನನಗೆ ಎದೆಯ ಕಾಯಿಲೆ. ಹೀಗಿದ್ದರೆ ಇಲ್ಲಿ ಮಲಗುವುದು ಕಷ್ಟ" ಎಂದು ಹೇಳಿ ನನ್ನ ಮುಖ ನೋಡುತ್ತ ನಿಂತರು.

ಆ ನೋಟದ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಯಿಬಿಟ್ಟು ಹೇಳುವಂತಿಲ್ಲ, ಕೇಳಿದವಳೇ ತಿಳಿದು ಮಾಡಬೇಕು. ಆದರೆ ಕೇಳಿದವಳು ಬೇರೆ ಮತದವಳಾಗಿರಬೇಕು.

ನಾನೂ ನಿಮ್ಮವಳೇ ಎನ್ನಬಹುದಿತ್ತು. ಆಕೆಗೆ ಅವಮಾನವಾಗಬಾರದೆಂದು ಹೇಳಲಿಲ್ಲ ಎಂದು ಇಲ್ಲಿ ಬರೆಯಲು ಹೋದೆ, ಹೊಡೆದುಹಾಕಿದೆ. ಅದು ಸುಳ್ಳು. ನನಗೆ ಮೈಯೆಲ್ಲ ಉರಿಯಿತು. ಬಣ್ಣ ನೋಡಿ ಕೆಲಸದವಳು ಅಂದುಕೊಂಡೆಯಾ, ಸರಿ, ನಾನೇ ಒತ್ತುತ್ತೇನೆ, ಪಾಪ ನಿನ್ನ ತಲೆಗೇ ಬರಲಿ ಎಂದುಕೊಂಡು ಒಳಗೆ ಹೋಗಿ ಎಸಿಯ ಸ್ವಿಚ್ ಒತ್ತಿದೆ. ಬೇಕೆಂದೇ ಒತ್ತಿದೆ. ನಮ್ಮವ್ವ ಶುಕ್ರವಾರ ದೀಪ ಆರಿಹೋದರೆ ಕತ್ತಲಲ್ಲೇ ತಡವರಿಸಿ ಊಟ ಬಡಿಸಿದವಳು.

ಮುದುಕಿಯ ಮುಖ ಅರಳಿತು. ಟಿಪ್ಸ್ ಕೊಡುವಂತಿಲ್ಲವಲ್ಲ, ಅದಕ್ಕೆ ಕಾಗದದಲ್ಲಿ ಸುತ್ತಿದ ಕೇಕಿನ ತುಂಡೊಂದನ್ನು ನನ್ನ ಕೈಗಿಟ್ಟು, "ನಿಮ್ಮ ಬಿಡುವಿನಲ್ಲಿ ತಿನ್ನಿ, ಮೈ ಡಿಯರ್" ಎಂದರು.

"ಥ್ಯಾಂಕ್ಯೂ ಮೇಡಂ" ಎಂದೆ.

ಇಡೀ ದಿನ ತಲೆನೋವೆಂದು ಕೋಣೆಯಲ್ಲೇ ಬಿದ್ದುಕೊಂಡಿದ್ದೆ. ಎಸ್ತೇರ್ ಎರಡು ಹೊತ್ತೂ ತಟ್ಟೆಯಲ್ಲಿ ಊಟ ಹೊತ್ತು ತಂದಳು, ಮಂಚದ ತುದಿಯಲ್ಲಿ ಕೂತು ನನ್ನ ಪಾದ ಒತ್ತಿದಳು, ಮಾತೇ ಆಡಲಿಲ್ಲ. ಅವಳಿಗೆ ಅದು ಎಂಥ ತಪಸ್ಸು. ನನಗೆ ಇನ್ನಷ್ಟು ನಾಚಿಕೆಯಾಯಿತು. ಈಗ ಕರೆಯುತ್ತಿದ್ದಾಳೆ. ಶಬ್ಬಾತ್ ಬೀಳ್ಕೊಡುವ ದೀಪಕ್ಕೆ ಎಲ್ಲರೂ ಲಾಬಿಯ ಪಕ್ಕದ ಹಾಲಿನಲ್ಲಿ ಸೇರಿದ್ದಾರಂತೆ. ಮಾಲಿದಾ ಮಾಡುವವಳು ಇಳಿಯದಿದ್ದರೆ ಹೇಗೆ?

ಭಾನುವಾರ, ಜನವರಿ 22, ಬೆಳಿಗ್ಗೆ

ನಿನ್ನೆ ಬರೆದದ್ದರ ಮೇಲೆ ಇನ್ನೊಂದು ತಪ್ಪು.

ರಾತ್ರಿ ಹಾಲಿನಲ್ಲಿ ಮೇಣದಬತ್ತಿ ಹಚ್ಚಿ, ಲವಂಗದ ಡಬ್ಬಿಯನ್ನು ಮೂಸಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ನನ್ನ ಪಕ್ಕಕ್ಕೆ ಬಂದು ನಿಂತವರು ಆ ಶಾಲಿನ ಮುದುಕಿಯೇ, ನೊಗಾಳ ದೊಡ್ಡಮ್ಮ ಹೆನ್ನಿ. ಡಬ್ಬಿ ಕೊಡಲು ತಿರುಗಿದವರು ಗುರುತು ಹಿಡಿದು ನಕ್ಕರು. "ಓ, ನಿಮ್ಮನ್ನೂ ಸೇರಿಸಿಕೊಂಡರಾ? ಎಷ್ಟು ಒಳ್ಳೆಯದಾಯಿತು."

"ದೊಡ್ಡಮ್ಮ, ಇವಳು ಮಿಲ್ಕಾ, ನಮ್ಮ ಅಷ್ಡೋದಿನವಳು. ನಿನ್ನೆಯಿಂದ ಹುಷಾರಿರಲಿಲ್ಲ" ಎಂದಳು ನೊಗಾ.

ಹೆನ್ನಿ ನನ್ನ ಕೊರಳಿನ ಪದಕ ನೋಡಿದರು. ಅವರ ಕೈಯ ಡಬ್ಬಿ ವಾಲಿ ಲವಂಗ ನೆಲಕ್ಕೆ ಚೆಲ್ಲಿತು. ಎಲ್ಲರೂ ನಮ್ಮಿಬ್ಬರನ್ನೇ ನೋಡುತ್ತಿದ್ದರು.

ಆಗಲೇ ಬಾಗಿಲಲ್ಲಿ ಜೋಸ್ಫಿನ್. ಮನೆಯ ಬಟ್ಟೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಮುಖ ತುಂಬ ನಗು. "ಮಿಲ್ಕಕ್ಕ, ಅವಲಕ್ಕಿ ಸಿಕ್ಕಿತು. ದಪ್ಪದ್ದು ಇರ್ಲಿಲ್ಲ, ತೆಳುದೇ ತಂದೆ. ಆಗ್ತದಲ್ಲಾ?"

ಅವಳ ಹಿಂದೆಯೇ ಡ್ಯೂಟಿ ಮ್ಯಾನೇಜರ್ ಶಮೀರ್ ಬಂದ. ಕೆಲಸದವರು ರಜೆಯ ದಿನ ಗೆಸ್ಟ್‌ಗಳಿರುವ ಕಡೆ ಬರುವಂತಿಲ್ಲ, ಗೆಸ್ಟ್‌ಗಳಿಗೆ ಸಾಮಾನು ತಂದುಕೊಡುವಂತೆಯೂ ಇಲ್ಲ. ಅದು ನನಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು, ಆದರೂ ತಂದಿದ್ದಳು. "ಮೇಡಂ, ಈಕೆ ನಿಮಗೆ ತೊಂದರೆ ಕೊಡುತ್ತಿದ್ದಾಳಾ?" ಎಂದು ನನ್ನನ್ನೇ ಕೇಳಿದ.

ನಾನು ತರಿಸಿದ್ದು ಎಂದರೆ ಮುಗಿಯುತ್ತಿತ್ತು. ಹೆನ್ನಿ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದರು. ನಾನು ಜೋಸ್ಫಿನ್‌ಳನ್ನು ನೋಡದೆ, ಇಂಗ್ಲಿಷಿನಲ್ಲಿ, "ಅದನ್ನು ರಿಸೆಪ್ಷನ್ನಿನಲ್ಲಿ ಇಟ್ಟು ಹೋಗಲು ಹೇಳಿ" ಎಂದೆ.

"ಸಾರಿ ಮೇಡಂ" ಎಂದಳು ಜೋಸ್ಫಿನ್.

ಮಾಲಿದಾ ಆಗಲಿಲ್ಲ.

ಅದೇ ಭಾನುವಾರ, ಸಂಜೆ

ಬೆಳಿಗ್ಗೆ ಬಾಗಿಲು ತಟ್ಟಿದ್ದು ಹೆನ್ನಿ. ಕಣ್ಣು ಊದಿಕೊಂಡಿತ್ತು. ಒಳಗೆ ಬಂದು ಕುರ್ಚಿಯ ಮೇಲೂ ಕೂರಲಿಲ್ಲ.

"ನಿಮ್ಮನ್ನು ನೋಡಿ ನಾನು ಏನೆಂದುಕೊಂಡೆ ಎಂಬುದು ಒಂದು. ನನ್ನ ಎದೆನೋವಿಗಾಗಿ ನಮ್ಮವಳೊಬ್ಬಳ ಶಬ್ಬಾತ್ ಕೆಡಿಸಿದೆನಲ್ಲ, ಅದು ಇನ್ನೊಂದು. ಯಾಕೆ ಹೇಳಲಿಲ್ಲ ನೀವು?"

"ನಿಮ್ಮ ತಪ್ಪಲ್ಲ" ಎಂದೆ.

"ನಿಮಗೆ ಅಂಥ ಅವಮಾನ ಮಾಡಿದೆ. ನನ್ನನ್ನು ಕ್ಷಮಿಸಿ ಎಂದು ಹೇಗೆ ಕೇಳಲಿ?" ಎಂದು ಅಳತೊಡಗಿದರು.

ನಾನು ಅವರನ್ನು ಅಪ್ಪಿಕೊಂಡೆ, ಕ್ಷಮಿಸಿದೆ ಎಂದೆ. ಹೇಳಲು ಎಷ್ಟು ಹಿತವಾಗಿತ್ತು. ಸಕ್ಕರೆ ತಿಂದ ಹಾಗೆ. ಎಸ್ತೇರ್ ಕೂಡ ಅತ್ತಳು. ಮೂವರೂ ಒಂದೇ ಟಿಶ್ಯೂ ಡಬ್ಬಿ ಖಾಲಿ ಮಾಡಿದೆವು.

ಹೆನ್ನಿ ಹೋದ ಮೇಲೆ ಅವರು ಆಡಿದ ಮಾತು ಮತ್ತೆ ನೆನಪಾಯಿತು. ಅಂಥ ಅವಮಾನ ಅಂದರೆ ಎಂಥದ್ದು? ನನ್ನನ್ನು ಕಳ್ಳಿ ಅಂದರೇ? ಜೋಸ್ಫಿನ್ ಅಂದುಕೊಂಡರು, ಅಷ್ಟೇ ತಾನೇ. ಹಾಸಿಗೆ ಹಾಸುವವಳು ಅಂದುಕೊಂಡರು. ವೃದ್ಧಾಶ್ರಮದಲ್ಲಿ ಮುದುಕರು ಮಲಿನ ಮಾಡಿದ ಚಾದರ ಒಗೆದು ಮಗಳನ್ನು ಓದಿಸಿದವಳು ನಾನು. ನನಗೆ ಅದು ಯಾವಾಗಿನಿಂದ ಬೈಗುಳವಾಯಿತು?

ಕೋಣೆ ಗುಡಿಸಲು ಬೇರೆ ಹುಡುಗಿ ಬಂದಳು. ಜೋಸ್ಫಿನ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದೆ. ಅವಳು ಬಾಗಿಲತ್ತ ನೋಡಿ ಪಿಸುಗುಟ್ಟಿದಳು. ನಿನ್ನೆಯ ಸಂಗತಿಗೆ ವಾರ್ನಿಂಗ್ ಬರೆದಿದ್ದಾರೆ. ಮುಂದಿನ ತಿಂಗಳು ಅವಳ ವೀಸಾ ನವೀಕರಿಸಬೇಕಿತ್ತು, ಇನ್ನು ಮಾಫಿ ಎಂದು ಕೈ ಕೊಡವಿದಳು. ಇಲ್ಲವೆಂದರ್ಥ. ಕೆಲಸ ಹೋದರೆ ಊರಿಗೆ.

ನಾನು ಲಿಫ್ಟಿಗೂ ಕಾಯಲಿಲ್ಲ. ಮೆಟ್ಟಿಲಿಳಿದು ನೇರ ಶಮೀರ್ ಹತ್ತಿರ ಹೋದೆ. ಹೆನ್ನಿ, ಎಸ್ತೇರ್, ನೊಗಾ ಲಾಬಿಯಲ್ಲೇ ಮಾರುಕಟ್ಟೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದವರು ನನ್ನ ಮುಖ ನೋಡಿ ಎದ್ದು ಬಂದರು.

"ಅವಲಕ್ಕಿ ತರಲು ನಾನೇ ಹೇಳಿದ್ದೆ. ಆಕೆಯದೇನೂ ತಪ್ಪಿಲ್ಲ."

ಶಮೀರ್ ಮರ್ಯಾದೆಯಿಂದ ನಕ್ಕ. "ನಿಮ್ಮದು ದೊಡ್ಡ ಮನಸ್ಸು ಮೇಡಂ. ಪಾಪ ಎಂದು ಹೇಳುತ್ತಿದ್ದೀರಿ. ನೀವೇ ಹೇಳಿದ್ದರೆ ನಿನ್ನೆ ನಾನು ಕೇಳಿದಾಗ ಹೇಳುತ್ತಿದ್ದಿರಲ್ಲ. ನೀವು ಆಕೆಯ ಮುಖ ಕೂಡ ನೋಡಲಿಲ್ಲ. ಗುರುತಿದ್ದವರು ಹಾಗೆ ಮಾಡುತ್ತಾರೆಯೇ?"

ಅವನು ನನ್ನನ್ನು ಒಳ್ಳೆಯವಳು ಎಂದುಕೊಂಡಿದ್ದ. ಹೆನ್ನಿ ಪಕ್ಕದಲ್ಲಿ ನನ್ನ ತೋಳು ಹಿಡಿದು ನಿಂತಿದ್ದರು. ಅವರೂ ನನ್ನನ್ನು ಒಳ್ಳೆಯವಳು ಎಂದುಕೊಂಡಿದ್ದರು. ಸುಮ್ಮನೆ ತಿರುಗಿ ಬಂದಿದ್ದರೆ ನಾಳೆ ವಿಮಾನ ಹತ್ತುವವರೆಗೆ ಒಳ್ಳೆಯವಳಾಗಿಯೇ ಇರಬಹುದಿತ್ತು.

ಇಂಗ್ಲಿಷಿನಲ್ಲೇ ಹೇಳಿದೆ, ಎಲ್ಲರಿಗೂ ತಿಳಿಯಲಿ ಎಂದು. "ಗುರುತಿದೆ. ನಾವಿಬ್ಬರೂ ಒಂದೇ ಭಾಷೆಯವರು. ಆಕೆ ನನಗೆ ಅಕ್ಕ ಎನ್ನುತ್ತಾಳೆ. ಶುಕ್ರವಾರ ಈ ಹಿರಿಯರು ನನ್ನನ್ನು ಹೌಸ್‌ಕೀಪಿಂಗ್‌ನವಳು ಅಂದುಕೊಂಡರು. ನಿನ್ನೆ ಎಲ್ಲರ ಎದುರು ಆಕೆಯ ಜೊತೆ ನಿಂತರೆ ಮತ್ತೆ ಹಾಗೇ ಅಂದುಕೊಳ್ಳುತ್ತಾರೆ ಎಂದು ನಾಚಿಕೆಪಟ್ಟೆ. ಅದಕ್ಕೆ ಹಾಗೆ ಹೇಳಿದೆ. ನಾನು ನರ್ಸ್ ಅಲ್ಲ. ಲಾಂಡ್ರಿಯಲ್ಲಿ ಬೆಡ್‌ಶೀಟ್ ಒಗೆಯುತ್ತಿದ್ದೆ." ಆಮೇಲೆ ಹೆನ್ನಿಯ ಕಡೆ ತಿರುಗಿದೆ. "ನಿಮ್ಮ ಎಸಿಯನ್ನೂ ಕೋಪದಿಂದಲೇ ಒತ್ತಿದ್ದು. ಪಾಪ ನಿಮಗೆ ಬರಲಿ ಎಂದು."

ಹೆನ್ನಿಯ ಕೈ ನನ್ನ ತೋಳಿನಿಂದ ಜಾರಿತು. ನೊಗಾ ನೆಲ ನೋಡುತ್ತಿದ್ದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಶಮೀರ್ ನಗುವುದನ್ನು ನಿಲ್ಲಿಸಿದ. ಕಾಗದ, ಪೆನ್ನು ನನ್ನ ಮುಂದಿಟ್ಟು, "ಇದನ್ನು ಬರೆದು ಸಹಿ ಮಾಡಿ ಕೊಡುತ್ತೀರಾ?" ಎಂದ. ಕೊಟ್ಟೆ. ವಾರ್ನಿಂಗ್ ತೆಗೆಸುತ್ತೇನೆ ಎಂದ. ಈ ಸಲ ಮೇಡಂ ಎನ್ನಲಿಲ್ಲ.

ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತೆ. ಸ್ವಲ್ಪ ಹೊತ್ತಿಗೆ ಎಸ್ತೇರ್ ಬಂದು ದೊಪ್ಪನೆ ಕೂತಳು. "ಅಂಗಡಿ ನನ್ನದಲ್ಲ, ನನ್ನ ತಂಗಿಯದು. ನಾನು ಕೌಂಟರಿನಲ್ಲಿ ಕೂರುತ್ತೇನೆ, ಅದಕ್ಕೂ ಅವಳು ಬೈಯುತ್ತಾಳೆ" ಎಂದಳು. ಆಮೇಲೆ ಒಂದು ತಾಸು ತಂಗಿಯ ಪುರಾಣ. ನನಗೆ ಅವಳ ಬಾಯಿ ನಿಲ್ಲುವುದೇ ಬೇಡವಾಗಿತ್ತು.

ಮಾರುಕಟ್ಟೆಯಲ್ಲಿ ಹೆನ್ನಿ ನನ್ನ ಹತ್ತಿರ ಬರಲಿಲ್ಲ. ನಾವು ಮರಳಿ ಬಸ್ಸು ಹತ್ತುವಾಗ ಮಾತ್ರ ಮೆಟ್ಟಿಲ ಬಳಿ ನಿಂತು, ಯಾರ ಮುಖವನ್ನೂ ನೋಡದೆ, "ಈ ಮೆಟ್ಟಿಲು ತುಂಬಾ ಎತ್ತರವಿದೆ" ಎಂದರು. ನಾನು ಕೈ ಕೊಟ್ಟೆ. ಹಿಡಿದುಕೊಂಡು ಹತ್ತಿದರು, ಪಕ್ಕದಲ್ಲೇ ಕೂತರು. ನಾವಿಬ್ಬರೂ ಹೋಟೆಲು ಬರುವವರೆಗೆ ಕೈ ಬಿಡಲಿಲ್ಲ.

ಸೋಮವಾರ, ಜನವರಿ 23, ವಿಮಾನ ನಿಲ್ದಾಣ

ನಿನ್ನೆ ಜೋಸ್ಫಿನ್ ಸಿಗಲಿಲ್ಲ. ಭಾನುವಾರವೂ ಅವಳಿಗೆ ರಜೆ, ಊದ್ ಮೇಥಾ ಬಡಾವಣೆಯ ಇಗರ್ಜಿಗೆ ಹೋಗಿ, ಅಲ್ಲಿಂದ ಗಂಡನ ಜೊತೆ ಎಲ್ಲೋ ಹೋಗಿದ್ದಳಂತೆ. ಇವತ್ತು ಬೆಳಿಗ್ಗೆ ಡ್ಯೂಟಿಗೆ ಬಂದಿದ್ದಳು. ನಮ್ಮ ಸಾಮಾನು ಕೆಳಗಿಳಿಯುವಾಗ ಕಾರಿಡಾರಿನಲ್ಲಿ ಅವಳ ಗಾಡಿ ಕಂಡಿತು.

ಹೆನ್ನಿ, ಎಸ್ತೇರ್ ಇಬ್ಬರೂ ನನ್ನ ಜೊತೆಗಿದ್ದರು. ನಾನು ಕನ್ನಡದಲ್ಲಿ, ಜೋರಾಗಿಯೇ ಹೇಳಿದೆ.

"ಜೋಸ್ಫಿನ್, ಮೊನ್ನೆ ನಿನ್ನ ಮಾರಿ ನೋಡ್ಲಿಲ್ಲ ನಾನು. ಮಂದಿ ನನ್ನ ನಿನ್ನಂಗ ತಿಳೀತಾರ ಅಂತ ಅಂಜಿದೆ. ಭಾಳ ಕೆಟ್ಟ ಕೆಲಸ ಮಾಡಿದೆ ತಂಗೀ."

ಜೋಸ್ಫಿನ್ ದಿಂಬಿಗೆ ಹೊದಿಕೆ ಹಾಕುತ್ತಿದ್ದಳು. ಹಾಕಿ ಮುಗಿಸಿದಳು. "ಶಮೀರ್ ಸರ್ ಹೇಳಿದ್ರು, ನೀವು ಬರ್ದು ಕೊಟ್ಟದ್ದು. ವಾರ್ನಿಂಗ್ ಕ್ಯಾನ್ಸಲ್ ಆಯ್ತು. ವೀಸಾಕ್ಕೆ ಎಂತ ತೊಂದ್ರೆ ಇಲ್ಲ."

"ಆತಲ್ಲ, ಛಲೋ ಆತು."

"ಹೌದು, ಒಳ್ಳೇದಾಯ್ತು."

ಅವಳು ಸಿಟ್ಟು ತೋರಿಸಲಿಲ್ಲ. ತೋರಿಸಿದ್ದರೆ ಕಾಲು ಹಿಡಿಯುತ್ತಿದ್ದೆ. ಹೆನ್ನಿಯ ಕೈಯಿಂದ ಚೀಲ ತೆಗೆದುಕೊಂಡು ಲಿಫ್ಟಿನವರೆಗೆ ಬಂದಳು. ಬಟನ್ ಒತ್ತಿ, ಬಾಗಿಲು ಮುಚ್ಚದ ಹಾಗೆ ಕೈ ಅಡ್ಡ ಹಿಡಿದು ನಿಂತಳು. ನಾವು ಒಳಗೆ ಹೋದೆವು.

"ಹೋಗಿ ಬನ್ನಿ, ಮೇಡಂ" ಎಂದಳು.

ಲಿಫ್ಟ್ ಇಳಿಯುವಾಗ ಹೆನ್ನಿ ಮೆಲ್ಲಗೆ, "ಏನೆಂದಳು?" ಎಂದು ಕೇಳಿದರು. ಎಸ್ತೇರ್ ಕೂಡ ನನ್ನನ್ನೇ ನೋಡುತ್ತಿದ್ದಳು.

ನಮ್ಮಲ್ಲಿ ಹೋಗುವವರಿಗೆ ಮತ್ತೆ ಬನ್ನಿ ಎಂದು ಹೇಳುವ ರೂಢಿ ಎಂದೆ. ಅದರ ಮುಂದಿನ 'ಮೇಡಂ' ಅವರಿಗೆ ಆಗಲೇ ಅರ್ಥವಾಗಿತ್ತು.